ಎಡಗೈಯ ಲೆಕ್ಕ

ಹಾರ್ಮೋನಿಯಂ ಎಂಬ ವಾದ್ಯವನ್ನು ಕುರಿತು ನಮ್ಮ ಸಂಗೀತಶಾಸ್ತ್ರಜ್ಞರು ಎಷ್ಟೇ ಮೂಗು ಮುರಿದಿರಲಿ, ಗದಗ-ಬೆಟಗೇರಿಯ ಗಾಳಿಯಲ್ಲಿ ಬೆಳೆದವನಿಗೆ ಅದರ ಮೇಲೆ ಅನಾದರ ಹುಟ್ಟುವುದು ಸುಲಭವಲ್ಲ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ನೆಲೆಗೊಳಿಸಿ, 1944ರಲ್ಲಿ ಅವರು ಲಿಂಗೈಕ್ಯರಾದ ತರುವಾಯ ಅವರ ಶಿಷ್ಯರೂ ಅವರಂತೆಯೇ ಅಂಧರೂ ಆದ ಪುಟ್ಟರಾಜ ಗವಾಯಿಗಳು ಅರುವತ್ತಕ್ಕೂ ಮಿಕ್ಕಿದ ವರ್ಷಗಳ ಕಾಲ ನಡೆಯಿಸಿಕೊಂಡು ಬಂದ ವೀರೇಶ್ವರ ಪುಣ್ಯಾಶ್ರಮದ ಮಗ್ಗುಲಲ್ಲಿ ಪ್ರಾತಃಕಾಲ ಹಾಯ್ದು ಹೋಗುವವನಿಗೆ, ಒಂದು ಕೋಣೆಯಲ್ಲಿ ತಬಲೆಯ ಪಾಠ, ಇನ್ನೊಂದರಲ್ಲಿ ಕಂಠಸಾಧನೆ, ಇವೆರಡರ ನಡುವೆ ಯಾವನೋ ಬಾಲಕ ಪೇಟಿಯ ಮೇಲೆ ತಡಕಾಡಿ ಹಿಡಿಯುತ್ತಿರುವ ಭೈರವ, ಇವೆಲ್ಲ ಒಂದರ ಮೇಲೊಂದು ಬಿದ್ದು ಕೇಳಿಸುವುವು. ಆಕಾಶವಾಣಿಯವರು 1940ರಲ್ಲಿ ಈ ವಾದ್ಯಕ್ಕೆ ಬಾಗಿಲು ಮುಚ್ಚಿ, ಸುಮಾರು 1971ರವರೆಗೆ ತೆರೆಯದೆ ಉಳಿದರೆಂಬುದು ಸರ್ವವಿದಿತ. ಮೀಂಡು ಬಾರದು, ಶ್ರುತಿಸೂಕ್ಷ್ಮ ತೋರದು, ಗಮಕ ಒಲಿಯದು ಎಂಬ ಆಕ್ಷೇಪಣೆಗಳೆಲ್ಲ ಯಥಾರ್ಥವೇ. ಆದರೆ ಧಾರವಾಡದಲ್ಲಿ 1950ರಲ್ಲಿ ನಿಲಯವೊಂದು ಪ್ರಾರಂಭವಾದ ಮೇಲೆಯೂ ಅಲ್ಲಿ ಪ್ರವೇಶವಿಲ್ಲದ ಈ ಪೆಟ್ಟಿಗೆಯು ನಮ್ಮ ಕಡೆಯ ನಾಟಕದ ರಂಗದಲ್ಲಿ, ಮಠದ ಪ್ರವಚನದಲ್ಲಿ, ಭಜನೆಯ ಕಟ್ಟೆಯ ಮೇಲೆ ರಾಜನಂತೆ ಕುಳಿತಿತ್ತು.

ನನ್ನ ತಂದೆಯವರು ನಾಟಕದ ಪೆಟಿಗಿ ಮಾಸ್ತರರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ವೈಭವವನ್ನು ಅವರು ತಮ್ಮ ಹಿರಿಯರ ಬಾಯಿಂದ ಕೇಳಿದ್ದರೇ ಹೊರತು ಕಂಡವರಲ್ಲ. ಅವರ ಪಾಲಿಗೆ ಬಂದುದು ಅದರ ತರುವಾಯದ ತಗಡಿನ ಥಿಯೇಟರುಗಳ ಕಾಲ. ಶಿರಹಟ್ಟಿಯ ಫಕೀರೇಶ್ವರನ ಜಾತ್ರೆಯೆಂದರೆ ಬೇಸಗೆಯ ಬೇಗೆಯಲ್ಲಿ ರಾತ್ರಿ ಹತ್ತಕ್ಕೆ ಆರಂಭವಾಗಿ ಬೆಳಗಿನ ಜಾವಕ್ಕೆ ಮುಗಿಯುವ ನಾಟಕ. ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ನಡೆದುಕೊಳ್ಳುವ ಆ ಮಠದ ಜಾತ್ರೆಯ ಜನಸ್ತೋಮದ ಎದುರಿನಲ್ಲಿ, ರಂಗದ ಬಲಮಗ್ಗುಲಿಗೆ, ಕಾಲುಪೆಟ್ಟಿಗೆಯ ಹಿಂದೆ ಕುಳಿತು, ಎರಡು ಕಾಲುಗಳಿಂದಲೂ ತಿದಿಯೊತ್ತುತ್ತ, ಬಲಗೈಯಲ್ಲಿ ನಟನ ಕಂಠವನ್ನು ಹಿಂಬಾಲಿಸುತ್ತ, ಎಡಗೈಯಲ್ಲಿ ಷಡ್ಜ-ಪಂಚಮಗಳನ್ನು ಹಿಡಿದು ನಿಂತಿರುತ್ತಿದ್ದ ಅವರ ಆಕೃತಿಯೇ ನನ್ನ ಬಾಲ್ಯದ ಸಂಗೀತವೆಂದರೂ ಸಲ್ಲುತ್ತದೆ. ಕೈಪೆಟ್ಟಿಗೆಯವನಿಗೆ ತಿದಿಯೊತ್ತುವುದರಲ್ಲೇ ಎಡಗೈ ವ್ಯಯವಾಗಿ ಹೋಗುತ್ತದೆ. ಕಾಲುಪೆಟ್ಟಿಗೆಯವನಿಗೆ ಮಾತ್ರ ಅದು ಮಿಗುತ್ತದೆ. ಮಿಕ್ಕ ಆ ಎಡಗೈಯನ್ನು ಏನು ಮಾಡಬೇಕೆಂಬುದೇ ಮಾಸ್ತರಿಕೆಯ ಅರ್ಧ ವಿದ್ಯೆಯೆಂದು ತಂದೆಯವರು ಹೇಳುತ್ತಿದ್ದುದುಂಟು. ಅವರ ಮತದಲ್ಲಿ ಅದಕ್ಕೆ ಉತ್ತರವೂ ಸರಳವಾಗಿತ್ತು: ಆದಷ್ಟು ಕಡಮೆ.

ಮುಂದೆ ಜಾತ್ರೆಗಳಲ್ಲಿ ನಾಟಕದ ಬದಲು ರಸಮಂಜರಿ ಕಾರ್ಯಕ್ರಮಗಳು ಬಂದುವು; ಅವುಗಳ ಸಂಗಡ ಕ್ಯಾಸಿಯೋ ಬಂದಿತು. ಯಾವ ಕಂಪನಿಯ ಕೀಬೋರ್ಡಾದರೂ ನಮ್ಮ ಕಡೆಯ ಜನರ ಬಾಯಲ್ಲಿ ಅದು ಕ್ಯಾಸಿಯೋವೇ. ಎಡಗೈಯ ಮೂರು ಬೆರಳನ್ನು ಊರಿದರೆ ಸಾಕು, ಢೋಲು, ಬೇಸ್ ಗಿಟಾರು, ತಂತಿವಾದ್ಯಗಳ ಮೇಳವೆಲ್ಲ ತಾನಾಗಿ ಹೊರಡುವ ಆ ಅರೇಂಜರ್ ಎಂಬ ಜಾತಿಯ ಯಂತ್ರವನ್ನು ಮುಂಡರಗಿಯ ಹೈಸ್ಕೂಲಿನಲ್ಲಿ ಅಧ್ಯಾಪಕನಾಗಿದ್ದ ನಾನು ರಜೆಯ ದಿನಗಳಲ್ಲಿ ನುಡಿಸಲು ಕಲಿತೆನು. ತಂದೆಯವರು ಅದನ್ನು ದೂಷಿಸಲಿಲ್ಲ, ಮುಟ್ಟಲೂ ಇಲ್ಲ. ಒಮ್ಮೆ ಲಕ್ಷ್ಮೇಶ್ವರದಲ್ಲಿ ನಮ್ಮ ಕಾರ್ಯಕ್ರಮವನ್ನು ಕೊನೆಯ ತನಕ ಕುಳಿತು ಕೇಳಿ, ಮನೆಗೆ ಬರುವಾಗ ಬಸ್ಸಿನಲ್ಲಿ ಅಂದುದಿಷ್ಟೇ: “ತಮ್ಮಾ, ನಿನ್ನ ಎಡಗೈ ಭಾಳ ಮಾತಾಡತೈತಿ.”

2010ರ ಸೆಪ್ಟೆಂಬರ್ 17ರಂದು ಪುಟ್ಟರಾಜ ಗವಾಯಿಗಳು, ಎಂದರೆ ನಮ್ಮೆಲ್ಲರ ಪುಟ್ಟಯ್ಯಜ್ಜನವರು, ಲಿಂಗೈಕ್ಯರಾದಾಗ ಗದಗದ ಬೀದಿಗಳಲ್ಲಿ ನೆರೆದ ಜನಸಾಗರದಲ್ಲಿ ತಂದೆಯವರೂ ಇದ್ದರು. ಅದರ ಮುಂದಿನ ಚಳಿಗಾಲದಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಪ್ರಾಣಕ್ಕೆ ಅಪಾಯವಾಗದಿದ್ದರೂ ಎಡಗೈ ಬಿದ್ದುಹೋಯಿತು, ಎಡಗಾಲು ಎಳೆಯತೊಡಗಿತು. ಬಲಭಾಗವೂ ಮಾತೂ ಬುದ್ಧಿಯೂ ಸ್ವಸ್ಥವಾಗಿಯೇ ಉಳಿದುವು. ಒಂದೇ ಕಾಲಿನ ತಿದಿಯಿಂದ ಕಾಲುಪೆಟ್ಟಿಗೆಗೆ ಉಸಿರು ಸಾಲದು. ವೈದ್ಯರು ಬಲಗೈಗೆ ಕೆಲಸವಿರಲಿ ಎಂದರು. ಹುಬ್ಬಳ್ಳಿಯ ಆರ್ಕೆಸ್ಟ್ರಾದವನೊಬ್ಬನು ಕಸುಬು ಬಿಟ್ಟು ಮಾರಿದ ಯಮಹಾ ಪಿಎಸ್‌ಆರ್-ಎಸ್910 ಎಂಬ ಅರುವತ್ತೊಂದು ಮನೆಗಳ ಯಂತ್ರವು ಆಗ ನನ್ನಲ್ಲಿದ್ದಿತಾಗಿ, ಅದನ್ನು ಬೆಟಗೇರಿಯ ನಮ್ಮ ಮನೆಯ ಪಡಸಾಲೆಗೆ ತಂದಿರಿಸಿದೆನು. ಅವರ ಬಲಗೈಗೆ ಪೇಟಿಯ ಧ್ವನಿಯನ್ನೇ ಹೊಂದಿಸಿ ಕೊಡಬಹುದು. ಇಲ್ಲದ ಎಡಗೈಯನ್ನು ಒದಗಿಸುವ ಬಗೆ ಹೇಗೆ ಎಂಬ ಪ್ರಶ್ನೆಯೊಂದು ಉಳಿಯಿತು.

ಅದಕ್ಕೆ ಉಪಾಯ ಯಂತ್ರದ ಒಳಗೇ ಇದ್ದಿತು. ಇಷ್ಟು ದಿನ ನನಗೆ ಅದರ ಅವಶ್ಯಕತೆ ಬಿದ್ದಿರಲಿಲ್ಲ. ಸಾಂಗ್ ಕ್ರಿಯೇಟರ್ ಎಂಬ ಪುಟವನ್ನು ತೆರೆದು, ಅದರ ಸಿಎಚ್‌ಡಿ ಎಂಬ ಭಾಗಕ್ಕೆ ಹೋಗಿ, ಸ್ಟೆಪ್ ರೆಕಾರ್ಡ್ ಎಂಬುದನ್ನು ಒತ್ತಿದರೆ, ಯಂತ್ರವು ನಿಶ್ಚಲವಾಗಿ ನಿಂತು ನಮ್ಮ ಅಪ್ಪಣೆಗಾಗಿ ಕಾಯುತ್ತದೆ. ಮೊದಲು ಕಾಲಪ್ರಮಾಣವನ್ನು ಆರಿಸಬೇಕು: ನಾಲ್ಕೆಣಿಕೆಯ ಪೂರ್ಣಸ್ವರವೋ, ಎರಡೆಣಿಕೆಯ ಅರ್ಧಸ್ವರವೋ, ಒಂದೆಣಿಕೆಯ ಕಾಲುಸ್ವರವೋ. ಅನಂತರ ಕಾರ್ಡನ್ನು, ಎಂದರೆ ಒಟ್ಟಿಗೆ ಒತ್ತಬೇಕಾದ ಸ್ವರಗಳ ಗುಚ್ಛವನ್ನು, ಒತ್ತಬೇಕು. ಒತ್ತಿದೊಡನೆ ಪರದೆಯ ಮೇಲೆ ಇಂತಿಷ್ಟನೆಯ ಬಾರ್, ಇಂತಿಷ್ಟನೆಯ ಎಣಿಕೆ, ಇಂಥ ಕಾರ್ಡು ಎಂದು ಒಂದು ಸಾಲು ಮೂಡಿ, ಸ್ಥಾನಸೂಚಕವು ಅಷ್ಟೇ ದೂರ ಮುಂದೆ ಸರಿದು ಮತ್ತೆ ನಿಲ್ಲುತ್ತದೆ. ಹೀಗೆ ಹಾಡಿನ ಉದ್ದಕ್ಕೂ ಬರೆದು ಮುಗಿಸಿ ಎಕ್ಸ್‌ಪ್ಯಾಂಡ್ ಎಂಬ ಗುಂಡಿಯನ್ನು ಒತ್ತಿದಾಗ, ಆ ಒಣ ಪಟ್ಟಿಯು ಹಿಮ್ಮೇಳವಾಗಿ ವಿಸ್ತಾರಗೊಳ್ಳುತ್ತದೆ. ನಮ್ಮ ಓಣಿಯ ಜಕಾರ್ಡ್ ಮಗ್ಗಗಳಲ್ಲಿ ಸೀರೆಯ ಅಂಚಿನ ಹೂವಿಗಾಗಿ ಒಂದೊಂದು ಹೊಕ್ಕಿನೆಳೆಗೂ ಒಂದೊಂದು ರಟ್ಟಿಗೆ ತೂತು ಕೊರೆದು, ಸಾಲಾಗಿ ಹೊಲಿದು, ಮೇಲೆ ತೂಗುಹಾಕುವುದನ್ನು ನೋಡುತ್ತ ಬೆಳೆದವನು ನಾನು. 1804ರ ಸುಮಾರಿಗೆ ಫ್ರಾನ್ಸಿನ ಜಕಾರನು ಬಳಕೆಗೆ ತಂದ ಆ ಯುಕ್ತಿಗೂ ಈ ಜಪಾನೀ ಪೆಟ್ಟಿಗೆಯ ಯುಕ್ತಿಗೂ ಅಂತರವೇನೂ ನನಗೆ ಕಾಣಲಿಲ್ಲ. ಲಾಳಿ ಓಡುವ ವೇಗವೇ ಬೇರೆ, ರಟ್ಟು ಕೊರೆಯುವವನ ನಿಧಾನವೇ ಬೇರೆ.

ಆ ನಿಧಾನವು ನನಗೆ ಹೊಸತು. ವೇದಿಕೆಯ ಮೇಲೆ ಎಡಗೈಯು ಅಭ್ಯಾಸಬಲದಿಂದ ತಾನೇ ಹೋಗಿ ಎಲ್ಲೆಲ್ಲೋ ಕುಳಿತುಕೊಳ್ಳುತ್ತದೆ; ಏಕೆ ಅಲ್ಲಿಗೆ ಹೋಯಿತೆಂದು ಕೇಳುವಷ್ಟರಲ್ಲಿ ಹಾಡು ಮುಂದೆ ಸಾಗಿರುತ್ತದೆ. ಇಲ್ಲಿ ಹಾಗಲ್ಲ. ಕಾಲವು ನಿಂತಿದೆ, ಒಂದು ಎಣಿಕೆಯನ್ನು ಮುಂದೆ ಮಾಡಬೇಕಾದರೆ ನಾನು ಇಂಥದೇ ಸ್ವರಗುಚ್ಛವೆಂದು ನಿಶ್ಚಯಿಸಿ ಒತ್ತಬೇಕು. ಹೀಗೆ ಒಂದೊಂದನ್ನೂ ನಿಶ್ಚಯಿಸಲು ಹೊರಟಾಗ, ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ತಂದೆಯವರು ಪ್ರತಿಯೊಂದಕ್ಕೂ ಕಾರಣ ಕೇಳತೊಡಗಿದರು. ನಿವೃತ್ತರಾದ ನ್ಯಾಯಾಧೀಶರ ಕೈಗೆ ಸಿಕ್ಕ ವಕೀಲನ ಪಾಡು ನನ್ನದಾಯಿತು.

ಮೊದಲು ಹಿಡಿದುದು ಭೂಪಾಲಿಯಲ್ಲಿ ಕೂರಿಸಿದ ಒಂದು ವಚನ. ಭೂಪಾಲಿಗೆ ಇರುವುದು ಸ, ರಿ, ಗ, ಪ, ಧ ಎಂಬ ಐದೇ ಸ್ವರಗಳು; ಮಧ್ಯಮ ನಿಷಾದಗಳು ವರ್ಜ್ಯ. ರಸಮಂಜರಿಯ ಪದ್ಧತಿಯಂತೆ ನಾನು ಷಡ್ಜದ ಕಾರ್ಡಿನಿಂದ ಮಧ್ಯಮದ ಕಾರ್ಡಿಗೂ ಅಲ್ಲಿಂದ ಪಂಚಮದ ಕಾರ್ಡಿಗೂ ಹೋಗಿ ಬರುತ್ತಿದ್ದವನು. ತಂದೆಯವರು ನಿಲ್ಲಿಸಿ, ಮಧ್ಯಮದ ಕಾರ್ಡಿನ ಮೂರು ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಸೆಂದರು. ಮ-ಧ-ಸ. “ಈ ಮಧ್ಯಮಾ ಯಾರ ಮನಿಯಿಂದ ಬಂತು?” ಎಂದರು. ಪ-ನಿ-ರಿ ಎಂದು ಇನ್ನೊಂದನ್ನು ಬಿಡಿಸಿದಾಗ ನಿಷಾದವೂ ಸಿಕ್ಕಿಬಿದ್ದಿತು. ಬಳಿಕ ಇಬ್ಬರೂ ಕುಳಿತು ಕೂಡಿ ಕಳೆದು ನೋಡಲಾಗಿ, ಭೂಪಾಲಿಯ ಐದು ಸ್ವರಗಳೊಳಗೇ ಹುಟ್ಟುವ ತ್ರಿಸ್ವರದ ಕಾರ್ಡುಗಳು ಎರಡೇ ಎರಡು ಎಂದು ತಿಳಿಯಿತು: ಸ-ಗ-ಪ ಎಂಬುದೊಂದು, ಧ-ಸ-ಗ ಎಂಬುದಿನ್ನೊಂದು. ಈ ಎರಡರ ನಡುವೆಯೂ ಎರಡು ಸ್ವರಗಳು ಸಮಾನವಾಗಿರುವುದರಿಂದ, ಕಾರ್ಡು ಬದಲಾದುದು ಪಾಮರನಿಗೆ ಕೇಳಿಸುವುದೇ ಇಲ್ಲ. ಬಣ್ಣವೊಂದು ತುಸು ಕಂದಿದಂತಾಗುತ್ತದೆ, ಅಷ್ಟೆ. ವಚನಕ್ಕೆ ಅಷ್ಟೇ ಸಾಕಾಗಿದ್ದಿತು.

ದುರ್ಗಾ ರಾಗವು ಇದಕ್ಕಿಂತ ಕಠಿನ. ಸ, ರಿ, ಮ, ಪ, ಧ ಎಂಬ ಅದರ ಸ್ವರಗಳಲ್ಲಿ ಮ-ಧ-ಸ ಉಂಟು, ರಿ-ಮ-ಧ ಉಂಟು. ಷಡ್ಜವನ್ನೇ ಬುಡವಾಗಿ ಮಾಡಿಕೊಂಡ ತ್ರಿಸ್ವರ ಮಾತ್ರ ಇಲ್ಲ, ಏಕೆಂದರೆ ಅದಕ್ಕೆ ಬೇಕಾದ ಗಾಂಧಾರವೇ ರಾಗದಲ್ಲಿಲ್ಲ. ಮಾಲಕಂಸದ್ದೂ ಇದೇ ಸ್ಥಿತಿ. ಅಲ್ಲಿ ಪಂಚಮವೇ ಇಲ್ಲ. ರಾಗದ ಮನೆಯೊಡೆಯನಾದ ಷಡ್ಜಕ್ಕೆ ಪೀಠವಿಲ್ಲದ ಮೇಲೆ ಹಿಮ್ಮೇಳ ಎಲ್ಲಿ ನಿಲ್ಲಬೇಕು? ಯಂತ್ರದ ಕಾರ್ಡುಗಳ ಪಟ್ಟಿಯನ್ನು ಶೋಧಿಸುತ್ತ ಹೋದಾಗ, ಒಂದು ಮತ್ತು ಐದು ಎಂಬ, ನಡುವಣ ಸ್ವರವನ್ನು ಬಿಟ್ಟ ಜೋಡಿಯೊಂದು ದೊರಕಿತು. ಎಂದರೆ ಷಡ್ಜ ಮತ್ತು ಪಂಚಮ. ಅದನ್ನು ಒತ್ತಿದೊಡನೆ ತಂದೆಯವರ ಮುಖದ ಮೇಲೆ ಹುಟ್ಟಿದ ಸಂತೋಷಕ್ಕೆ ನಾನು ಬೇರೆ ವ್ಯಾಖ್ಯಾನ ಬರೆಯಬೇಕಾಗಿಲ್ಲ. ಶಿರಹಟ್ಟಿಯ ರಂಗದ ಮೇಲೆ ಅವರ ಎಡಗೈ ರಾತ್ರಿಯಿಡೀ ಹಿಡಿದು ನಿಲ್ಲುತ್ತಿದ್ದುದು ಅದೇ. ಜಪಾನಿನ ಯಂತ್ರಶಿಲ್ಪಿಗಳು ಅದನ್ನು ಯಾವ ರಾಕ್ ಸಂಗೀತಕ್ಕಾಗಿ ಇರಿಸಿದರೋ, ದುರ್ಗೆಗೆ ಒದಗಿತು.

ಗಾಂಧಾರದ ವಿಷಯದಲ್ಲಿ ಇನ್ನೊಂದು ತಕರಾರು ಎದ್ದಿತು. ಯಂತ್ರದ ಶುದ್ಧ ಗಾಂಧಾರವು ತಂಬೂರಿಯ ತಂತಿಯೊಳಗಿಂದ ತಾನಾಗಿ ಕೇಳಿಬರುವ ಗಾಂಧಾರಕ್ಕಿಂತ ಸುಮಾರು 14 ಸೆಂಟುಗಳಷ್ಟು, ಎಂದರೆ ಪಕ್ಕಪಕ್ಕದ ಎರಡು ಮನೆಗಳ ನಡುವಣ ಅಂತರದ ಏಳನೆಯ ಒಂದು ಭಾಗದಷ್ಟು, ಏರು. ತಂದೆಯವರಿಗೆ ಸೆಂಟಿನ ಲೆಕ್ಕ ತಿಳಿಯದು. ಆದರೆ ತಮ್ಮ ಕಾಲುಪೆಟ್ಟಿಗೆಯ ಗಾಂಧಾರದ ಸ್ವರಪಟ್ಟಿಯನ್ನು ಅರದಿಂದ ಕೆರೆದು ತಗ್ಗಿಸಿಕೊಂಡಿದ್ದ ಅವರ ಕಿವಿಗೆ ಇದು ಚುಚ್ಚುತ್ತಿದ್ದಿತು. ಸ್ಕೇಲ್ ಟ್ಯೂನ್ ಎಂಬ ಪುಟದಲ್ಲಿ ಅದೊಂದು ಸ್ವರವನ್ನು ಅಷ್ಟು ತಗ್ಗಿಸಿ ಕೊಟ್ಟೆನು. ಅರವಿಲ್ಲದೆ ಆದ ಕೆಲಸವೆಂದು ಅವರಿಗೆ ಅದರಲ್ಲಿ ಅಷ್ಟೇನೂ ಗೌರವ ಹುಟ್ಟಲಿಲ್ಲ.

ಸ್ವರದ ಜಗಳ ಹೀಗೆ ತೀರಿತಾದರೂ ಕಾಲದ ಜಗಳ ಬಾಕಿಯಿತ್ತು. ಬರೆಯುವವನಿಗಾಗಿ ಎಷ್ಟು ಹೊತ್ತಾದರೂ ಕಾಯುವ ಈ ಯಂತ್ರವು ನುಡಿಸುವವನಿಗಾಗಿ ಒಂದು ಕ್ಷಣವೂ ಕಾಯದು. ನಾಟಕದ ಮಾಸ್ತರನೆಂದರೆ ಕಾಯುವುದರಲ್ಲಿ ಪ್ರವೀಣ: ನಟನು ಒಂದು ಆಲಾಪವನ್ನು ಎಳೆದನೆಂದರೆ, ಜನ ಒನ್ಸ್ ಮೋರ್ ಎಂದರೆಂದರೆ, ಪೆಟ್ಟಿಗೆಯು ಅವನ ಹಿಂದೆ ಹೋಗಿ ಅವನೊಡನೆಯೇ ಮರಳಬೇಕು. ಇದಕ್ಕೆ ಪರಿಹಾರ ದೊರೆತುದು ಕಾಲಿನಿಂದ. ಯಂತ್ರದ ಹಿಂಬದಿಗೆ ಪೆಡಲೊಂದನ್ನು ಸಿಕ್ಕಿಸಿ, ಅದಕ್ಕೆ ನಿಲ್ಲು-ನಡೆ ಎಂಬ ಕೆಲಸವನ್ನು ವಹಿಸಬಹುದು. ಒಮ್ಮೆ ಮೆಟ್ಟಿದರೆ ಹಿಮ್ಮೇಳವೆಲ್ಲ ಸ್ತಬ್ಧ. ಪೇಟಿಯ ಧ್ವನಿಯೊಂದೇ ಸ್ವೇಚ್ಛೆಯಾಗಿ ಸಂಚರಿಸಿ, ಸಮಕ್ಕೆ ಬಂದು ಇನ್ನೊಮ್ಮೆ ಮೆಟ್ಟಿದರೆ ಎಲ್ಲವೂ ನಿಂತಲ್ಲಿಂದ ಹೊರಡುತ್ತದೆ. ಜೀವಮಾನವಿಡೀ ತಿದಿಯೊತ್ತಿದ ಆ ಬಲಗಾಲಿಗೆ ಇದನ್ನು ಕಲಿಸಬೇಕಾದ ಪ್ರಸಂಗವೇ ಬರಲಿಲ್ಲ. ವಿದ್ಯುತ್ತು ಹೋದಾಗ ಮಾತ್ರ ತೊಂದರೆ; ಪೆನ್‌ಡ್ರೈವಿಗೆ ಉಳಿಸದ ಬರವಣಿಗೆಯೆಲ್ಲ ಆಗ ಮಾಯವಾಗುತ್ತಿತ್ತಾದ್ದರಿಂದ, ನಾಲ್ಕು ಸಾಲಿಗೊಮ್ಮೆ “ಉಳಿಸಿದಿ ಏನು?” ಎಂದು ಕೇಳುವುದನ್ನು ಅವ್ವ ತನ್ನ ಕರ್ತವ್ಯಗಳಲ್ಲಿ ಸೇರಿಸಿಕೊಂಡಳು.

ಈ ನಡುವೆ ಲಕ್ಷ್ಮೇಶ್ವರದಿಂದ ತಬಲಾದ ಚಾಚಾ ಬರತೊಡಗಿದರು. ತಂದೆಯವರ ಸಮವಯಸ್ಕರು, ತಗಡಿನ ಥಿಯೇಟರುಗಳ ಕಾಲದ ಜೊತೆಗಾರರು, ಯಾವ ವಿಷಯದಲ್ಲಿಯೂ ತಂದೆಯವರೊಡನೆ ಒಮ್ಮತಕ್ಕೆ ಬರುವುದಿಲ್ಲವೆಂಬ ನಿಷ್ಠೆಯುಳ್ಳವರು. ಅವರು ಬಂದ ಮೇಲೆ ಯಂತ್ರದ ತಾಳವಾದ್ಯಗಳ ಬಾಯಿ ಮುಚ್ಚಿಸಿ, ತಂತಿವಾದ್ಯಗಳ ಹಾಸನ್ನು ಮಾತ್ರ ಉಳಿಸಿಕೊಂಡೆವು. ಕುಮಾರವ್ಯಾಸನನ್ನು ಹಾಡೋಣವೆಂದು ಹೊರಟವರು ಅವರೇ. ವೀರನಾರಾಯಣನ ಗುಡಿಯಲ್ಲಿ ಕುಳಿತು ಭಾರತವನ್ನು ಬರೆದನೆಂದು ಪ್ರತೀತಿಯಿರುವ ನಮ್ಮೂರ ಕವಿಯನ್ನು ಹಾಡದೆ ಗದುಗಿನಲ್ಲಿ ಪೆಟ್ಟಿಗೆ ತೆರೆಯುವುದಾದರೂ ಹೇಗೆ ಎಂಬುದು ಚಾಚಾ ಅವರ ವಾದ. ಮುಂಡರಗಿಯಲ್ಲಿ ಗಮಕವಾಚನ ಮಾಡುತ್ತಿದ್ದ, ನನ್ನ ಸಹೋದ್ಯೋಗಿಯಾದ ಅಧ್ಯಾಪಿಕೆಯೊಬ್ಬರು ಹಾಡಲು ಒಪ್ಪಿದರು.

ಇಲ್ಲಿ ಯಂತ್ರವು ನಿರುತ್ತರವಾಯಿತು. ಅದರ ಸ್ಟೈಲುಗಳೆಂಬ ಲಯವಿನ್ಯಾಸಗಳಲ್ಲಿ ಬಹುಪಾಲು ನಾಲ್ಕೆಣಿಕೆಯವು, ಕೆಲವು ಮೂರೆಣಿಕೆಯವು. ಎಂಟು ಮಾತ್ರೆಯ ಕೆಹರವಾಕ್ಕೂ ಆರು ಮಾತ್ರೆಯ ದಾದರಾಕ್ಕೂ ಅವು ಹೇಗೋ ಹೊಂದಿಕೊಳ್ಳುತ್ತವೆ. ಭಾಮಿನಿ ಷಟ್ಪದಿಯ ನಡಿಗೆಯಾದರೋ ಮೂರು-ನಾಲ್ಕು, ಮೂರು-ನಾಲ್ಕು. ಸಾಲೊಂದಕ್ಕೆ ಹದಿನಾಲ್ಕು ಮಾತ್ರೆಗಳು. ಚಾಚಾ ಬೋಲುಗಳನ್ನು ಬಾಯಲ್ಲಿ ಹೇಳಿ ತೋರಿಸಿದರು: ದೀಪಚಂದಿ ತಾಳದ ವಿಭಾಗವೂ ಅಕ್ಷರಶಃ ಅದೇ, ಮೂರು-ನಾಲ್ಕು-ಮೂರು-ನಾಲ್ಕು. ಗದುಗಿನ ನಾರಣಪ್ಪನೂ ಉತ್ತರದ ಠುಮರಿಯ ತಾಳವೂ ಪರಸ್ಪರ ಪರಿಚಯವಿಲ್ಲದೆ ಒಂದೇ ಹೆಜ್ಜೆಯಿಟ್ಟಿರುವುದನ್ನು ಕಂಡು ಇಬ್ಬರು ಮುದುಕರೂ ಆ ಸಂಜೆ ನುಡಿಸುವುದನ್ನೇ ಮರೆತು ಚಹ ಕುಡಿಯುತ್ತ ಕುಳಿತರು. ನಾಲ್ಕರ ಯಂತ್ರದಲ್ಲಿ ಏಳನ್ನು ಬರೆಯುವ ಭಾರ ನನಗೆ ಉಳಿಯಿತು.

ಬಗೆ ಹರಿದುದು ಗುಣಾಕಾರದಿಂದ. ಮಾತ್ರೆಯೊಂದಕ್ಕೆ ಕಾಲುಸ್ವರವೊಂದು ಎಂದಿಟ್ಟುಕೊಂಡು, ಮೂರು ಮಾತ್ರೆಯ ಗಣಕ್ಕೆ ಅದೇ ಕಾರ್ಡನ್ನು ಒಂದು ಅರ್ಧಸ್ವರವಾಗಿಯೂ ಒಂದು ಕಾಲುಸ್ವರವಾಗಿಯೂ, ನಾಲ್ಕು ಮಾತ್ರೆಯ ಗಣಕ್ಕೆ ಒಂದು ಪೂರ್ಣಸ್ವರವಾಗಿಯೂ ಬರೆಯುತ್ತ ಹೋದೆನು. ನಾಲ್ಕು ನಾಲ್ಕು ಎಣಿಕೆಗೊಂದರಂತೆ ಬರುವ ಯಂತ್ರದ ಬಾರ್‌ಗೆರೆಗಳನ್ನು ನನ್ನ ಗಣಗಳು ಅಡ್ಡಡ್ಡ ದಾಟಿ ಹೋಗುತ್ತಿದ್ದುವು. ಬಾರ್ ತಿರುಗುವಲ್ಲಿ ತಂತಿಗಳ ಸ್ವರ ಒಮ್ಮೊಮ್ಮೆ ಹೊಸದಾಗಿ ಎದ್ದಂತೆ ಕೇಳಿಸಿದರೂ ತಬಲೆಯ ಕೆಳಗೆ ಅದು ಮುಚ್ಚಿಹೋಗುತ್ತಿತ್ತು. ಎರಡು ಸಾಲುಗಳು ಮುಗಿದಾಗ ಇಪ್ಪತ್ತೆಂಟು ಮಾತ್ರೆಗಳು, ಎಂದರೆ ಸರಿಯಾಗಿ ಏಳು ಬಾರ್‌ಗಳು. ಯಂತ್ರವೂ ಕವಿಯೂ ಅಲ್ಲಿ ಒಂದೆಡೆ ಕೂಡಿದರು. ಮೂರನೆಯ ಸಾಲು ಉದ್ದವಾದುದು: ಮೂರು-ನಾಲ್ಕು ಮೂರು ಸಲ, ಕೊನೆಗೊಂದು ಗುರು, ಒಟ್ಟು ಇಪ್ಪತ್ತಮೂರು. ಆ ಗುರುವಿನ ಮೇಲೆ ನಿಂತು ಐದು ಮಾತ್ರೆಗಳ ಬಿಡುವು ಕೊಡುವುದು ನಾವು ಹಾಡುತ್ತಿದ್ದ ಕ್ರಮವಾದುದರಿಂದ ಅದೂ ಇಪ್ಪತ್ತೆಂಟೇ ಆಗುತ್ತಿತ್ತು. ಹೀಗಾಗಿ ಅರ್ಧಪದ್ಯಕ್ಕೆ ಹದಿನಾಲ್ಕು ಬಾರ್, ಪೂರ್ಣಪದ್ಯಕ್ಕೆ ಇಪ್ಪತ್ತೆಂಟು ಬಾರ್. ಶೇಷವಿಲ್ಲದ ಭಾಗಾಕಾರವನ್ನು ಕಂಡ ಗಣಿತದ ಮೇಷ್ಟರ ಆನಂದ ಎಂತಹುದೆಂಬುದನ್ನು ಸಾಹಿತ್ಯದವನಾದ ನಾನೂ ಆ ದಿನ ಅನುಭವಿಸಿದೆನು.

ಜಗಳ ಹುಟ್ಟಿದುದು ಆ ಐದು ಮಾತ್ರೆಗಳ ಬಿಡುವಿನಲ್ಲಿ. ಅಲ್ಲಿಯೂ ಷಡ್ಜ-ಪಂಚಮವನ್ನು ಹಿಡಿದಿಡಬೇಕೆಂದು ಚಾಚಾ. ಏನೂ ಇರಕೂಡದೆಂದು ತಂದೆಯವರು.

“ಅಷ್ಟ ಖಾಲಿ ಬಿಟ್ಟರ ಜನಾ ಕರೆಂಟ್ ಹೋತು ಅಂತ ಎದ್ದು ಹೊಕ್ಕಾರ್ರಿ ಮಾಸ್ತರ್ರ.”

“ಹೋಗಲಿ ಬಿಡೋ. ಹಾಡೂ ಬಾಯಿ ಅಲ್ಲಿ ಉಸರ ತಗೊಂತಾಳ. ಆಕಿ ಉಸರಿನಾಗ ನಮಗೇನ ಕೆಲಸ?”

ಕಾರ್ಡಿನ ಪಟ್ಟಿಯಲ್ಲಿ ಮೌನವನ್ನು ಬರೆಯುವುದು ಸಾಧ್ಯವೇ ಎಂದು ಹುಡುಕಿದಾಗ, ಅದಕ್ಕೂ ಒಂದು ಸಂಕೇತವಿರುವುದು ತಿಳಿಯಿತು: ಕಪ್ಪು ಬಿಳಿಯೆನ್ನದೆ ಒತ್ತೊತ್ತಾಗಿರುವ ಮೂರು ಮನೆಗಳನ್ನು ಕೂಡಿಯೇ ಒತ್ತಿದರೆ, ಕ್ಯಾನ್ಸಲ್ ಎಂಬ ಹೆಸರಿನಲ್ಲಿ, ಹಿಮ್ಮೇಳದ ಸ್ವರಗಳೆಲ್ಲ ಅಡಗುತ್ತವೆ. ಪಕ್ಕಪಕ್ಕದ ಮೂರು ಸ್ವರಗಳೆಂದರೆ ಪೇಟಿಯಲ್ಲಿ ಅತ್ಯಂತ ಕರ್ಕಶವಾದ ಸದ್ದು. ಇಲ್ಲಿ ಅದೇ ನಿಶ್ಶಬ್ದಕ್ಕೆ ಅಪ್ಪಣೆ. ಗುರುವಿಗೆ ಒಂದು ಅರ್ಧಸ್ವರ, ಬಿಡುವಿಗೆ ಒಂದು ಕಾಲುಸ್ವರ, ಒಂದು ಪೂರ್ಣಸ್ವರ: ಬೇರೆ ಗಣಗಳಿಗೆ ಬಳಸಿದ ಅದೇ ಅಳತೆಗಳು, ಅದೇ ಕ್ರಮದಲ್ಲಿ. ಅದನ್ನು ನಾನು ಒತ್ತುವುದಕ್ಕೆ ಹೋದಾಗ ತಂದೆಯವರು ನನ್ನ ಕೈ ಸರಿಸಿ, ತಮ್ಮ ಬಲಗೈಯನ್ನು ಯಂತ್ರದ ಎಡತುದಿಗೆ ಚಾಚಿ, ಮೂರು ಬೆರಳುಗಳಿಂದ ತಾವೇ ಒತ್ತಿದರು. ಇಡೀ ಬರವಣಿಗೆಯಲ್ಲಿ ಅವರು ಸ್ವತಃ ಬರೆದುದು ಅದೊಂದೇ ಕಾರ್ಡು.

ಚಾಚಾ ಸಮಾಧಾನಕ್ಕಾಗಿ ಷಡ್ಜ-ಪಂಚಮವುಳ್ಳ ಇನ್ನೊಂದು ಪ್ರತಿಯನ್ನೂ ಮಾಡಿ, ಎರಡನ್ನೂ ಪೆನ್‌ಡ್ರೈವಿನಲ್ಲಿ ಉಳಿಸಿ ಮುಂಡರಗಿಗೆ ಒಯ್ದೆವು. ಅಭ್ಯಾಸದ ದಿನ ಆ ಅಧ್ಯಾಪಿಕೆಯವರು ಎರಡರೊಡನೆಯೂ ಹಾಡಿ ನೋಡಿ, ಮೌನವಿರುವುದೇ ತಮಗೆ ಅನುಕೂಲವೆಂದರು. ತಂದೆಯವರು ಚಾಚಾ ಕಡೆಗೆ ತಿರುಗುವಷ್ಟರಲ್ಲಿ, “ಆದ್ರ ತಬಲಾ ನಿಲ್ಲಿಸಬ್ಯಾಡ್ರಿ ಚಾಚಾ, ಎಣಿಕಿ ನನಗ ಬೇಕು” ಎಂದೂ ಸೇರಿಸಿದರು. ಅಂದಿನಿಂದ ಆ ಐದು ಮಾತ್ರೆಗಳು ಚಾಚಾ ಅವರ ಸ್ವತ್ತಾದುವು; ತಂದೆಯವರು ಹೇಳಿದ್ದಕ್ಕಿಂತ ಎರಡರಷ್ಟು ಬೋಲುಗಳನ್ನು ಅವರು ಅಲ್ಲಿ ತುಂಬುತ್ತಿದ್ದರು, ತಂದೆಯವರು ಪ್ರತಿ ಪದ್ಯಕ್ಕೂ ಎರಡು ಸಲ ಅವರನ್ನು ದುರುಗುಟ್ಟಿ ನೋಡುತ್ತಿದ್ದರು.